ಅಪ್ಪ ಬೀದಿ ಹುಡುಗರ ಜೊತೆ ಬುಗುರಿ ಆಡ್ತಾರೆ, ಇದು ಅರಳು ಮರಳಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ ಈಗ 68. ಮಂಡ್ಯ ಹತ್ರ ಒಂದು ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ರು, ಮನೇಲೂ ಮೇಷ್ಟ್ರೇ, ಅವರೆದುರು ನಾವು ಜೋರಾಗಿ ನಕ್ಕಿದ್ದೇ ನೆನಪಿಲ್ಲ. ಈಗೊಂದು ಆರು ತಿಂಗಳಿಂದ ಸಾಯಂಕಾಲ ಆದ್ರೆ ಸಾಕು ಪಂಚೆ ಎತ್ಕಟ್ಕೊಂಡು ಬೀದಿ ಹುಡುಗರ ಜೊತೆ ಬುಗುರಿ ಆಡ್ತಾರೆ, ಆಷಾಢದಲ್ಲಿ ತಾರಸಿ ಹತ್ತಿ ಗಾಳಿಪಟ ಬಿಟ್ರು, ಐಸ್‌ಕ್ಯಾಂಡಿ ಗಾಡಿ ಗಂಟೆ ಕೇಳಿದ್ರೆ ಮೊದಲು ಹೊರಗೆ ಹೋಗೋದೇ ಅವರು. ಅಕ್ಕಪಕ್ಕದವರು "ಅರವತ್ತಕ್ಕೆ ಅರಳು ಮರಳು" ಅಂತ ಆಡ್ಕೊಂಡು ನಗ್ತಾರೆ. ಅಣ್ಣ ಅಮೆರಿಕದಿಂದ ಫೋನ್ ಮಾಡಿ ತಲೆ ಸ್ಕ್ಯಾನ್ ಮಾಡ್ಸು ಅಂತಿದಾನೆ. ಅಮ್ಮ ಹಣೆ ಚಚ್ಕೋತಾರೆ. ಅಪ್ಪ ಶುಗರ್‌ಗೂ ಬಿಪಿಗೂ ಮಾತ್ರೆ ತಗೋತಾರೆ. ತಡೆಯಕ್ಕಾಗ್ದೆ ಹೋದ್ವಾರ ನಾನೇ ಬುಗುರಿ ತಗೊಂಡು ಅಟ್ಟದ ಮೇಲೆ ಬಚ್ಚಿಟ್ಟಿದೀನಿ. ಮುಂದೆ ಏನ್ ಮಾಡ್ಲಿ?

ಉತ್ತರ: ಮೊದ್ಲು ನಾನೊಂದು ಕೇಳ್ತೀನಿ. ನಿಮ್ಮಪ್ಪ ಆಟದಲ್ಲಿ ಜಗಳ ಆಡ್ತಾರಾ? ನಗಬೇಡಿ, ನಿಜವಾಗ್ಲೂ ಕೇಳ್ತಿರೋದು. ಯಾವನೋ ಹುಡುಗ ಗೆರೆ ದಾಟಿ ಬುಗುರಿ ಬಿಟ್ರೆ "ಲೋ, ಅದು ಲೆಕ್ಕಕ್ಕಿಲ್ಲ ಕಣ್ಲಾ" ಅಂತಾರಾ? ತಮ್ಮ ಸರದಿ ಬರೋ ತನಕ ಕಾಯ್ತಾರಾ? ಹಳೇ ಸ್ಟೂಡೆಂಟ್ ಯಾರೋ ಸ್ಕೂಟರ್ ನಿಲ್ಲಿಸಿ ನಮಸ್ಕಾರ ಸಾರ್ ಅಂದ್ರೆ ಎತ್ಕಟ್ಟಿದ್ ಪಂಚೆ ಇಳಿಸ್ಕೊಂಡು ಮಾತಾಡ್ಸ್ತಾರಾ? ಇಷ್ಟಕ್ಕೂ ಹೌದು ಅನ್ನೋದಾದ್ರೆ ನಿಮ್ಮಪ್ಪಂಗೆ ಆಗಿರೋದು ಅರಳು ಮರಳಲ್ಲ, ರಿಟೈರ್ಮೆಂಟು ಅಷ್ಟೇ.

ಯಾಕೆ ಹೀಗ್ ಹೇಳ್ತೀನಿ ಅಂದ್ರೆ, ಆಟ ಅಂದ್ರೆ ರೂಲ್ಸು. ಮಕ್ಕಳಾಟ ಅಂತ ಸುಲಭವಾಗಿ ಅಂದ್ಬಿಡ್ತೀವಿ, ಆದ್ರೆ ಗೆರೆ ಎಲ್ಲಿದೆ, ಯಾರ ಸರದಿ, ಯಾರ ಬುಗುರಿಗೆ ಎಷ್ಟು ಗುನ್ನ ಬಿತ್ತು, ಇವನು ಹೋದ್ಸಲ ಮೋಸ ಮಾಡಿದ್ದ ಈ ಸಲ ಕಣ್ಣಿಟ್ಟಿರಬೇಕು, ಇಷ್ಟನ್ನೂ ತಲೇಲಿಟ್ಕೊಂಡು, ಸೋತ್ರೂ ಕೈ ಎತ್ತದೆ ಮತ್ತೆ ಆಡೋಕೆ ಮೆದುಳಿನ ಮುಂಭಾಗ ಚೆನ್ನಾಗಿ ಕೆಲಸ ಮಾಡ್ತಿರಬೇಕು. ಈ ಮುಂಭಾಗವೇ ಸವೆಯೋ ಒಂದು ಕಾಯಿಲೆ ಇದೆ, ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಅಂತ, ಸಾಮಾನ್ಯವಾಗಿ 45ರಿಂದ 65ರ ಒಳಗೆ ಶುರುವಾಗುತ್ತೆ. ಅದ್ರಲ್ಲೂ ಮನೆಯವರು ಹೇಳೋದು ಇದೇ ಮಾತು, "ಮಗು ಥರ ಆಗ್ಬಿಟ್ಟಿದಾರೆ ಡಾಕ್ಟ್ರೇ" ಅಂತ. ಆದ್ರೆ ಆ ಮಗುವೇ ಬೇರೆ. ನಾನು ನೋಡಿದ ಒಬ್ರು, ಮೈಸೂರಿನೋರೇ, ಒಳ್ಳೆ ಕೆಲಸದಲ್ಲಿದ್ದೋರು, ಸಾವಿನ ಮನೇಲಿ ಕೂತು ಜೋರಾಗಿ ನಕ್ಕಿದ್ರು, ಅಂಗಡೀಲಿ ಚಾಕ್ಲೇಟು ಎತ್ಕೊಂಡು ದುಡ್ಡು ಕೊಡ್ದೆ ನಡ್ಕೊಂಡ್ ಬಂದ್ಬಿಡೋರು, ಸ್ವೀಟು ಅಂದ್ರೆ ಡಬ್ಬಿ ಖಾಲಿ ಆಗೋ ತನಕ ಬಿಡ್ತಿರಲಿಲ್ಲ, ಹೆಂಡ್ತಿ ಜ್ವರ ಬಂದು ಮಲಗಿದ್ರೆ ತಿರುಗಿ ನೋಡ್ತಿರಲಿಲ್ಲ. ಅವರಿಗೆ ಮೊಮ್ಮಗನ ಜೊತೆ ಕೂರಿಸಿ ಹಾವು ಏಣಿ ಆಡ್ಸೋಕೆ ನೋಡಿದ್ರಂತೆ, ಎರಡು ನಿಮಿಷಕ್ಕೆ ದಾಳ ಎಸೆದು ಎದ್ದು ಹೋದ್ರಂತೆ. ಇಲ್ಲಿ ರೂಲ್ಸೇ ಕಳೆದುಹೋಗಿದೆ. ನಿಮ್ಮಪ್ಪ ರೂಲ್ಸಿಗೋಸ್ಕರ ಹುಡುಗರ ಜೊತೆ ವಾದಕ್ಕೆ ನಿಲ್ಲೋರಾದ್ರೆ ಅದು ಪೂರ್ತಿ ಬೇರೆ. ಇವೆರಡನ್ನೂ ಒಂದೇ ಗಾದೆ ಒಳಗೆ ತುಂಬಿದ್ರೆ ಹೇಗೆ ಹೇಳಿ.

2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು, ನ್ಯೂಯಾರ್ಕಿನ ಬ್ರಾಂಕ್ಸ್ ಕಡೆ 75 ದಾಟಿದ 469 ಜನರನ್ನ ವರ್ಷಗಟ್ಲೆ ಗಮನಿಸಿದ್ದು. ಮಣೆ ಆಟ ಆಡೋರು, ಓದೋರು, ವಾದ್ಯ ನುಡಿಸೋರು, ಡ್ಯಾನ್ಸ್ ಮಾಡೋರು, ಇವರಲ್ಲಿ ಮರೆವಿನ ಕಾಯಿಲೆ ಕಮ್ಮಿ ಕಂಡಿತ್ತು. ಇದನ್ನ ಹಿಡ್ಕೊಂಡು ಆಟ ಆಡಿದ್ರೆ ಮರೆವು ಬರಲ್ಲ ಅಂತ ವಾಟ್ಸಾಪಲ್ಲಿ ಹರಡ್ತಾರೆ, ಅದು ಅಷ್ಟು ಸರಳ ಅಲ್ಲ. ಮರೆವು ಒಳಗೊಳಗೇ ಶುರುವಾದೋರು ಬೇಗ ಆಟ ಬಿಟ್ಬಿಡ್ತಾರೆ, ಲೆಕ್ಕ ತಪ್ಪುತ್ತೆ, ನಾಚಿಕೆ ಆಗುತ್ತೆ, "ನಂಗ್ಯಾಕೆ ಬಿಡ್ರಪ್ಪ" ಅಂತ ಎದ್ದು ಹೋಗ್ತಾರೆ, ಹಾಗಾಗಿಯೂ ಲೆಕ್ಕದಲ್ಲಿ ಆ ವ್ಯತ್ಯಾಸ ಕಾಣಿಸಬಹುದು. ಹೇಗೇ ನೋಡಿ, ನನ್ನ ಹತ್ರ ಬರೋ ಚಿಂತೆಯ ಕೇಸುಗಳು ಹೆಚ್ಚಾಗಿ ಆಟ ಬಿಟ್ಟೋರದ್ದು, ಹೊಸದಾಗಿ ಶುರು ಮಾಡಿದೋರದ್ದಲ್ಲ.

ಹಾಗಂತ ನಿಮ್ಮಣ್ಣನ ಮಾತು ಪೂರ್ತಿ ತಳ್ಳಿಹಾಕಲ್ಲ. ಅರವತ್ತು ವರ್ಷ ಒಂಥರಾ ಇದ್ದೋರು ಆರು ತಿಂಗಳಲ್ಲಿ ಇನ್ನೊಂಥರಾ ಆದ್ರು ಅಂದ್ರೆ ಒಂದ್ಸಲ ತೋರಿಸೋದ್ರಲ್ಲಿ ತಪ್ಪಿಲ್ಲ. ಆದ್ರೆ ನೇರ ಸ್ಕ್ಯಾನಿಗೆ ಓಡಬೇಡಿ. ನೆನಪಿನ ಪರೀಕ್ಷೆ ಅಂತ ಒಂದು 30 ಮಾರ್ಕಿಂದು ಇದೆ, ಹತ್ತು ಹದಿನೈದು ನಿಮಿಷ, ನೂರರಿಂದ ಏಳೇಳು ಕಳೀತಾ ಬನ್ನಿ ಅನ್ನೋ ಪ್ರಶ್ನೆ ಅದ್ರಲ್ಲಿ ಬರುತ್ತೆ, ಗಣಿತದ ಮೇಷ್ಟ್ರು ಅಲ್ವಾ, ನಮಗೇ ತಿರುಗಿಸಿ ಪ್ರಶ್ನೆ ಕೇಳ್ತಾರೆ ನೋಡ್ತಿರಿ. ಜೊತೆಗೆ ರಕ್ತದಲ್ಲಿ ಥೈರಾಯ್ಡು, ಸೋಡಿಯಂ, ವಿಟಮಿನ್ ಬಿ12 ನೋಡ್ಸಿ. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಲೆ ತಗೊಂಡೋರಲ್ಲಿ ಬಿ12 ಇಳಿಯೋದುಂಟು, ಸಸ್ಯಾಹಾರಿ ಆಗಿದ್ರೆ ಇನ್ನೂ ಜಾಸ್ತಿ. ಯಾವಾಗ ತಡ ಮಾಡಬಾರ್ದು ಅಂದ್ರೆ, ದಿನಾ ಹೋಗೋ ದಾರಿ ತಪ್ಪಿದ್ರೆ, ಕೇಳಿದ್ದೇ ಕೇಳ್ತಿದ್ರೆ, ದುಡ್ಡನ್ನ ಯಾರ್ಯಾರಿಗೋ ಕೊಡಕ್ಕೆ ಶುರು ಮಾಡಿದ್ರೆ, ರಾತ್ರಿ ನಿದ್ದೇನೇ ಇಲ್ದೆ ಮೂರ್ನಾಲ್ಕು ದಿನ ಭಾರಿ ಹುರುಪಲ್ಲಿದ್ರೆ. ಇನ್ನು ನಿನ್ನೆ ತನಕ ಸರಿಯಿದ್ದೋರು ಇವತ್ತು ಏನೇನೋ ಮಾತಾಡ್ತಿದಾರೆ ಅಂದ್ರೆ ಅದು ಇನ್ಫೆಕ್ಷನ್ನೋ, ಸೋಡಿಯಂ ಇಳಿದಿರೋದೋ, ಶುಗರ್ ಇಳಿದಿರೋದೋ ಆಗಿರಬಹುದು, ಸೀದಾ ಆಸ್ಪತ್ರೆಗೆ.

ಈಗ ನಿಮ್ಮ ಮುಖ್ಯ ಸಂಕಟಕ್ಕೆ ಬರೋಣ. ಅದು ಕಾಯಿಲೆ ಅಲ್ಲ, ಅಕ್ಕಪಕ್ಕದವರು. ನೋಡಿ, ಮೈಸೂರು ಸೀಮೆಯಲ್ಲಿ ಹುಟ್ಟಿ ಆಟಕ್ಕೆ ನಾಚ್ಕೊಂಡ್ರೆ ಹೆಂಗೆ? ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ರಲ್ಲ, 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ಕೊಂಡ್ರು, ಆಗ ಅವರಿಗೆ 37 ವರ್ಷ, ನಮ್ಮ ಭಾಷೇಲಿ ಹೇಳೋದಾದ್ರೆ ಕಡ್ಡಾಯ ನಿವೃತ್ತಿ. ಆಮೇಲೆ 1868ರಲ್ಲಿ ತೀರ್ಕೊಳ್ಳೋ ತನಕ ಆ ಮನುಷ್ಯ ಎಷ್ಟು ಆಟ ಕಟ್ಟಿದ್ರು, ಚದುರಂಗದ ಕುದುರೆಯನ್ನ ಒಂದು ಮನೆಗೆ ಎರಡ್ಸಲ ಕಾಲಿಡದ ಹಾಗೆ ಇಡೀ ಮಣೆ ಸುತ್ತಿಸೋ ಲೆಕ್ಕ ಹಾಕ್ತಾ ಕೂತ್ರು, ಅವರ ಕಾಲದ ಶ್ರೀತತ್ತ್ವನಿಧಿ ಅನ್ನೋ ಗ್ರಂಥದಲ್ಲಿ ಕೊನೇದಾಗಿ ಕೌತುಕನಿಧಿ ಅಂತ ಒಂದು ಭಾಗವೇ ಆಟಗಳಿಗೆ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದ್ರೆ ಗೋಡೆ ಮೇಲೆ ಬಣ್ಣದಲ್ಲಿ ಬರೆದಿರೋ ಆಟದ ಮನೆಗಳು ಇವತ್ತಿಗೂ ಇವೆ. ನಿಮ್ಮಣ್ಣ ರಜಕ್ಕೆ ಬಂದಾಗ ಅಪ್ಪನ್ನೂ ಕರ್ಕೊಂಡು ಅಲ್ಲಿಗೆ ಹೋಗಿ ಬನ್ನಿ. ಮೃಗಾಲಯದ ಎದುರು ಸಾಲಲ್ಲಿ ರಾಮ್ಸನ್ಸ್ ಅಂಗಡಿ ಇದೆಯಲ್ಲ, ಅವರ ಪ್ರತಿಷ್ಠಾನದವರು ಹಳೇ ಮಣೆ ಆಟಗಳನ್ನ ಮತ್ತೆ ಮಾಡ್ಸಿ ಪ್ರದರ್ಶನ ಇಡ್ತಾ ಬಂದಿದಾರೆ, ಅಳಗುಳಿ ಮಣೆ, ಪಗಡೆ, ಹುಲಿ ಕುರಿ ಆಟ, ಎಲ್ಲ.

ನಮ್ಮಮ್ಮನ ಕಥೆ ಹೇಳ್ಬಿಡ್ತೀನಿ. ಅಗ್ರಹಾರದ ವಠಾರದ ಮನೆ ನಮ್ದು, ಹಿತ್ತಲ ಬಾಗಿಲ ಹತ್ರ ಒಂದು ಕಡಪಾ ಕಲ್ಲು, ಅದ್ರ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿ ಚೌಕಾಬಾರ. ನಾಕು ಕವಡೆ, ಎಲ್ಲಾ ಅಂಗಾತ ಬಿದ್ರೆ ಚೌಕ, ನಾಕು, ಎಲ್ಲಾ ಬೋರಲು ಬಿದ್ರೆ ಬಾರ, ಎಂಟು. ಅಪ್ಪ ಹೋದ್ಮೇಲೆ ಅಮ್ಮ ಎರಡು ವರ್ಷ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ, ನಾನು ಡಾಕ್ಟರು ಬೇರೆ, ಮಾತ್ರೆ ಕೊಟ್ಟೆ, ವಾಕಿಂಗ್ ಹೋಗಮ್ಮ ಅಂದೆ, ಕುಕ್ಕರಹಳ್ಳಿ ಕೆರೆ ತನಕ ಕಾರಲ್ಲಿ ಕರ್ಕೊಂಡ್ ಹೋಗಿ ಬಿಟ್ಟೆ, ಬೆಂಚ್ ಮೇಲೆ ಕೂತು ವಾಪಸ್ ಬಂದ್ರು. ಒಂದಿನ ಕೆಲಸದಾಕೆ ಮಗಳು ಕವಡೆ ಡಬ್ಬಿ ಹುಡುಕಿ ತೆಗೆದ್ಳು. ಆ ಹುಡುಗಿಗೆ ಆಟ ಹೇಳ್ಕೊಡೋಕೆ ಅಮ್ಮ ಕಲ್ಲು ತೊಳೆದು ಗೆರೆ ಎಳೆದ್ರು. ನಾನು ಸಾಯಂಕಾಲ ಕ್ಲಿನಿಕ್ಕಿಂದ ಬರೋ ಹೊತ್ತಿಗೆ ಇಬ್ರೂ ಗಟ್ಟಿಯಾಗಿ ಕೂಗಾಡ್ತಿದ್ರು, ಯಾಕಂದ್ರೆ ಅಮ್ಮ ಕವಡೆ ಎಸೆಯೋವಾಗ ಕಿರುಬೆರಳಲ್ಲಿ ಒಂದನ್ನ ಮೆಲ್ಲಗೆ ತಿರುಗಿಸ್ತಾರೆ, ಎಪ್ಪತ್ತು ವರ್ಷದಿಂದ ಮಾಡ್ಕೊಂಡ್ ಬಂದಿರೋ ಮೋಸ, ಆ ಹುಡುಗಿ ಒಂದೇ ದಿನಕ್ಕೆ ಹಿಡಿದ್ಳು. ನಮ್ಮಮ್ಮ ಅವತ್ತು ರಾತ್ರಿ ಕೇಳ್ದೆ ಎರಡನೇ ಸಲ ಅನ್ನ ಹಾಕ್ಕೊಂಡ್ರು. ನನ್ನ ಮಾತ್ರೆ ಕೆಲಸ ಮಾಡ್ಲಿಲ್ಲ ಅಂತಲ್ಲ, ಮಾಡಿರುತ್ತೆ, ಆದ್ರೂ ಕ್ರೆಡಿಟ್ಟು ನಂಗೆ ಯಾರೂ ಕೊಡಲ್ಲ.

ಇನ್ನು ದೇಹದ ವಿಷಯ. ನಿಮ್ಮಪ್ಪ ಆರ್ಸ್ಕೊಂಡಿರೋ ಆಟ ಇದೆಯಲ್ಲ, ಬುಗುರಿ, ನಾನು ಫಿಸಿಯೋಥೆರಪಿ ಚೀಟಿ ಬರೆದ್ರೂ ಇಷ್ಟು ಚೆನ್ನಾಗಿ ಬರೆಯಕ್ಕಾಗಲ್ಲ. ಮೊಳೆಯಿಂದ ಶುರು ಮಾಡಿ ಚಾಟಿನ ಒಂದರ ಪಕ್ಕ ಒಂದು ಸುತ್ತೋವಾಗ ಬೆರಳಿನ ಸಣ್ಣ ಕೆಲಸ, ಎಡಗಾಲು ಮುಂದಿಟ್ಟು ಬೀಸೋವಾಗ ಭುಜ ಸೊಂಟ ಎರಡೂ ತಿರುಗುತ್ತೆ, ಚಾಟಿ ಹಿಂದಕ್ಕೆ ಜಗ್ಗೋವಾಗ ಮಣಿಕಟ್ಟು, ತಿರುಗ್ತಿರೋ ಬುಗುರಿನ ಅಂಗೈಗೆ ತಗೊಳ್ಳೋವಾಗ ಕಣ್ಣು ಕೈ ಎರಡೂ ಒಟ್ಟಿಗೆ, ಆಮೇಲೆ ಅದು ಬಿದ್ಮೇಲೆ ಬಗ್ಗಿ ಎತ್ಕೋಬೇಕು. ಈ ಬಗ್ಗೋದೇ ಅಸಲು ವ್ಯಾಯಾಮ. ನನ್ನ ಪೇಷೆಂಟ್ ಒಬ್ರು ಮೊಮ್ಮಗನ ಜೊತೆ ಆಡೋದನ್ನ ಅವರ ಮನೆ ಜಗಲಿ ಮೇಲೆ ಕೂತು ಎಣಿಸಿದೀನಿ, ಅರ್ಧ ಗಂಟೇಲಿ 41 ಸಲ ಬಗ್ಗಿದ್ರು, ಅದೇ ಮನುಷ್ಯ ಕ್ಲಿನಿಕ್ಕಲ್ಲಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ ಅಂದ್ರೆ ಆರಕ್ಕೇ ಮಂಡಿ ನೋವು ಅಂತಿದ್ರು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದೋರಿಗೆ ವಾರಕ್ಕೆ 150ರಿಂದ 300 ನಿಮಿಷ ನಡಿಗೆ ಥರದ್ದು ಏನಾದ್ರೂ ಮಾಡಿ, ಅದ್ರ ಜೊತೆ ವಾರಕ್ಕೆ ಮೂರು ದಿನವಾದ್ರೂ ಬ್ಯಾಲೆನ್ಸು, ಶಕ್ತಿ ಎರಡೂ ಬೆಳೆಯೋ ಚಟುವಟಿಕೆ ಮಾಡಿ ಅಂತ ಹೇಳುತ್ತೆ. ನಮ್ಮಲ್ಲಿ ವಾಕಿಂಗ್ ಎಲ್ಲರೂ ಮಾಡ್ತಾರೆ, ಈ ಎರಡನೇದನ್ನ ಯಾರೂ ಮುಟ್ಟಲ್ಲ. ಕುಂಟೆಬಿಲ್ಲೇಲಿ ಒಂಟಿ ಕಾಲಲ್ಲಿ ನಿಂತು ಬಚ್ಚ ಎತ್ಕೊಳ್ಳೋದು ಬ್ಯಾಲೆನ್ಸಲ್ದೆ ಇನ್ನೇನು? (68ಕ್ಕೆ ಕುಂಟೋದು ಬೇಡ, ಸುಮ್ನೆ ಉದಾಹರಣೆಗೆ ಹೇಳ್ದೆ.) 2022ರಲ್ಲಿ ಬ್ರೆಜಿಲ್ ಕಡೆಯವರ ಒಂದು ಅಧ್ಯಯನ ಬಂತು, 51ರಿಂದ 75 ವಯಸ್ಸಿನ 1,702 ಜನ, ಒಂಟಿ ಕಾಲಲ್ಲಿ 10 ಸೆಕೆಂಡ್ ನಿಲ್ಲೋಕಾಗ್ದೋರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಿತ್ತು. ಹೆದರ್ಕೋಬೇಡಿ, ಕಾಲು ನಿಲ್ದೆ ಇದ್ರೆ ಸಾಯ್ತಾರೆ ಅಂತಲ್ಲ, ಒಳಗೆ ಏನೋ ಸೊರಗ್ತಿದೆ ಅನ್ನೋದಕ್ಕೆ ಗುರುತು ಅಷ್ಟೇ. ಅಡುಗೆಮನೆ ಕಟ್ಟೆ ಹತ್ರ ನಿಲ್ಲಿಸಿ, ನೀವು ಪಕ್ಕದಲ್ಲೇ ಇದ್ದು, ನಿಮ್ಮಪ್ಪಂಗೆ ಎಷ್ಟಾಗುತ್ತೆ ನೋಡಿ. ಹತ್ತು ಆಗಲಿಲ್ಲ ಅಂದ್ರೆ ಬುಗುರಿಗೆ ಮುಂಚೆ ಒಂದು ತಿಂಗಳು ಅದನ್ನೇ ಅಭ್ಯಾಸ ಮಾಡ್ಸಿ.

ನಂಗೆ ಬುಗುರಿಗಿಂತ ಗಾಳಿಪಟದ್ದೇ ಚಿಂತೆ. ತಾರಸಿ ಮೇಲೆ ಕತ್ತು ಹಿಂದಕ್ಕೆ ಎತ್ಕೊಂಡು, ಗಾಳಿ ಎಳೆದ ಕಡೆ ಹಿಂದಿಂದಕ್ಕೆ ಹೆಜ್ಜೆ ಹಾಕ್ಕೊಂಡು ಹೋಗೋದು ಇದೆಯಲ್ಲ, ವಯಸ್ಸಾದೋರಲ್ಲಿ ಕತ್ತು ಹಿಂದಕ್ಕೆ ಬಾಗಿದಾಗ ಕಿವಿ ಒಳಗೆ ಜಾಗ ತಪ್ಪಿರೋ ಸಣ್ಣ ಹರಳುಗಳು ಅಲುಗಾಡಿ ಲೋಕವೇ ಗಿರ್ರ್ ಅಂತ ತಿರುಗಿದ ಹಾಗಾಗೋದು ಬಹಳ ಸಾಮಾನ್ಯ. ಮೋಟುಗೋಡೆ ಮೊಳಕಾಲೆತ್ತರ ಇದ್ರೆ ಕಥೆ ಮುಗೀತು. ಬಯಲಿಗೆ ಹೋಗ್ಲಿ, ಗದ್ದೆ ಕುಯ್ದಿರೋ ಕಡೆ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತೇ ದಾರ ಬಿಡ್ಲಿ, ಓಡಿ ಪಟ ಎತ್ತೋ ಕೆಲಸ ಹುಡುಗರದ್ದು. ಸೂತ್ರ ಕಟ್ಟೋದು, ಬಾಲಂಗೋಚಿ ಎಷ್ಟುದ್ದ ಇರಬೇಕು ಅಂತ ಅಳೆದು ಹಳೇ ಪಂಚೆ ಹರಿದು ಗಂಟು ಹಾಕೋದು, ಇದ್ರಲ್ಲಿ ಅವರೇ ಮೇಷ್ಟ್ರಾಗಿರಲಿ. ದಾರ ಹತ್ತೀದು. ಚೈನಾ ಮಾಂಜಾ ಅನ್ನೋ ನೈಲಾನ್ ದಾರನ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಕ್ಕೆಲ್ಲ ನಿಷೇಧ ಮಾಡಿದೆ, ಹಕ್ಕಿ ರೆಕ್ಕೆ, ಬೈಕಲ್ಲಿ ಹೋಗೋರ ಕುತ್ತಿಗೆ, ಎಲ್ಲ ಕುಯ್ಯುತ್ತೆ ಅದು.

ಶುಗರ್ ಇದೆ ಅಂದ್ರಿ, ಬರಿಗಾಲಲ್ಲಿ ಬೀದೀಲಿ ಆಡೋದು ಬೇಡ. ಮುಳ್ಳು ಚುಚ್ಚಿದ್ದು ಗೊತ್ತೇ ಆಗ್ದೆ ನಾಕು ದಿನ ಬಿಟ್ಟು ಕಾಲು ಊದ್ಕೊಂಡು ಬರೋರನ್ನ ದಿನಾ ನೋಡ್ತೀನಿ. ಚಪ್ಪಲಿ ಅಲ್ಲ, ಹಿಮ್ಮಡಿ ಹಿಡಿಯೋ ಶೂ, ಮಲಗೋ ಮುಂಚೆ ಪಾದದ ಅಡಿ ಕನ್ನಡಿ ಇಟ್ಟು ನೋಡೋದು. ಪಂಚೆ ಎತ್ಕಟ್ಟಿರೋದು ಒಳ್ಳೇದೇ, ಕಾಲಿಗೆ ತೊಡರಲ್ಲ. ಶುಗರ್ ಮಾತ್ರೇಲಿ ಗ್ಲಿಮಿಪಿರೈಡ್ ಅಂತ ಇದ್ರೆ, ಸಾಯಂಕಾಲ ಚೆನ್ನಾಗಿ ಆಡಿ ಊಟ ತಡ ಮಾಡಿದಾಗ ಶುಗರ್ ಇಳಿದು ಬೆವೆತು ನಡುಕ ಬರಬಹುದು, ಮಾತು ತೊದಲಬಹುದು, ಜೇಬಲ್ಲಿ ನಾಕು ಪೆಪ್ಪರ್‌ಮಿಂಟ್ ಇರ್ಲಿ. ಐಸ್‌ಕ್ಯಾಂಡಿ ವಾರಕ್ಕೊಂದು, ಊಟ ಆದ್ಮೇಲೆ, ನಂದೇನೂ ತಕರಾರಿಲ್ಲ, ಮದುವೆ ಮನೇಲಿ ಮೂರು ಹೋಳಿಗೆ ಹೊಡೆಯೋರಿಗೆ ನಾವ್ಯಾರೂ ಅರಳು ಮರಳು ಅನ್ನಲ್ಲವಲ್ಲ. ಬಿಪಿ ಮಾತ್ರೆಗೋ, ಗಂಡಸರು ಉಚ್ಚೆ ತೊಂದರೆಗೆ ತಗೊಳ್ಳೋ ಮಾತ್ರೆಗೋ ಬಗ್ಗಿ ಎದ್ದ ತಕ್ಷಣ ಕಣ್ಣು ಕತ್ತಲೆ ಬರೋದುಂಟು, ಹಾಗೇನಾದ್ರೂ ಅಂದಿದ್ರೆ ನಿಂತು ಬಿಪಿ, ಮಲಗಿ ಬಿಪಿ ಎರಡೂ ನೋಡ್ಸಿ. ರಕ್ತ ತೆಳು ಮಾಡೋ ಮಾತ್ರೆ ಇದ್ದು ತಲೆಗೆ ಪೆಟ್ಟು ಬಿದ್ರೆ, ಊತ ಇಲ್ದಿದ್ರೂ ಮನೇಲಿ ಕೂರಬೇಡಿ.

ಕಿವೀನೂ ಒಂದ್ಸಲ. ಹುಡುಗರು ಕೂಗಿದ್ದು ಅವರಿಗೆ ಕೇಳುತ್ತಾ? ಎಷ್ಟೋ ಜನ ನಾಕು ಜನ ಕೂತ ಕಡೆ ಹೋಗದೇ ಇರೋದು ಗರ್ವಕ್ಕಲ್ಲ, ಕೇಳಿಸಲ್ಲ ಅಂತ. ಮೈಸೂರಿನ ಮಾನಸಗಂಗೋತ್ರಿಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಮಂಡ್ಯದಿಂದ ಬೆಳಿಗ್ಗೆ ರೈಲು ಹತ್ತಿದ್ರೆ ತೋರಿಸ್ಕೊಂಡು ಹೋಗಬಹುದು.

ನಿಮ್ಮ ಪತ್ರದಲ್ಲಿ ನಂಗೆ ಹೆಚ್ಚು ಕಾಡಿದ್ದು ಅಪ್ಪ ಅಲ್ಲ, ಅಮ್ಮ. ಹಣೆ ಚಚ್ಕೋತಾರೆ ಅಂತ ಒಂದು ಸಾಲು ಬರೆದು ಮುಂದೆ ಹೋಗ್ಬಿಟ್ರಿ. ಅವರು ಚಿಕ್ಕೋರಿದ್ದಾಗ ಏನ್ ಆಡ್ತಿದ್ರು ಅಂತ ಯಾವತ್ತಾದ್ರೂ ಕೇಳಿದೀರಾ? ನಾನು ನನ್ನ ಹತ್ರ ಬರೋ ಹೆಣ್ಮಕ್ಕಳನ್ನ ಕೇಳ್ತೀನಿ, ಎಷ್ಟೋ ಜನ ಸುಮ್ಮನಾಗ್ತಾರೆ. ಮಳವಳ್ಳಿ ಕಡೆ ಒಬ್ರು ಅಜ್ಜಿ ಹೇಳಿದ್ರು, "ಎಲ್ಲಿ ಆಟ ಡಾಕ್ಟ್ರೇ, ಸೊಂಟದ ಮ್ಯಾಲೆ ಯಾವಾಗ್ಲೂ ಒಂದು ತಮ್ಮನೋ ತಂಗಿನೋ ಇರೋದು, ಮೈನೆರೆದ ಮ್ಯಾಲೆ ಹೊಸ್ಲು ದಾಟಂಗೇ ಇಲ್ಲ" ಅಂತ. ವಾಪಸ್ ಹೋಗಕ್ಕೆ ಆ ಬಾಲ್ಯವೇ ಇಲ್ದೋರು ಇವರು. ಗಂಡ ಬೀದೀಲಿ ಕುಣೀತಿದ್ರೆ ಸಿಟ್ಟು ಬರ್ದೆ ಇರುತ್ತಾ, ಒಲೆ ಮೇಲಿನ ಸಾರು ಇಳಿಸೋದು ಇವತ್ತಿಗೂ ಅವರೇ ತಾನೆ. ಅವರನ್ನ ಬನ್ನಿ ಅಮ್ಮ ಆಡೋಣ ಅಂತ ಎಳೆಯೋಕೆ ಹೋಗಬೇಡಿ, ಬರಲ್ಲ. ಸಾಯಂಕಾಲದ ಅಡುಗೆ ನೀವೋ ಅಪ್ಪನೋ ವಹಿಸ್ಕೊಳ್ಳಿ, ಅವರ ಕೈಗೆ ಒಂದು ಗಂಟೆ ಖಾಲಿ ಸಿಗ್ಲಿ. ಆ ಅಜ್ಜಿ ಏನ್ ಮಾಡಿದ್ರು ಗೊತ್ತಾ, ಮೊಮ್ಮಗಳ ಸ್ಕೂಲ್ ಬ್ಯಾಗಿಂದ ಕ್ರೇಯಾನ್ ತಗೊಂಡು ರಂಗೋಲಿ ಪುಸ್ತಕದ ಹಿಂದಿನ ಹಾಳೇಲಿ ಕೋಳಿ ಬರೆದ್ರಂತೆ. ಹಸಿರು ಕೋಳಿ. ಯಾಕಜ್ಜಿ ಹಸಿರು ಅಂದ್ರೆ, ನನ್ ಕೋಳಿ ನನ್ನಿಷ್ಟ ಅಂದ್ರಂತೆ.

ಒಂದು ಬೇಡಿಕೆ ಇದೆ, ದಯವಿಟ್ಟು ಅಪ್ಪನ ರೀಲ್ಸ್ ಮಾಡಬೇಡಿ. ನನಗೆ ಗೊತ್ತಿರೋ ಮನೇಲಿ ಅಜ್ಜಿ ಪಾರ್ಕಿನ ಉಯ್ಯಾಲೆ ಮೇಲೆ ಕೂತಿದ್ದನ್ನ ಮೊಮ್ಮಗ ಹಾಡು ಹಾಕಿ ಬಿಟ್ಟ, ಲೈಕೇನೋ ಸಾವಿರಾರು ಬಂತು, ಊರಲ್ಲಿ ನೆಂಟರೆಲ್ಲ ಏನಮ್ಮ ಸ್ಟಾರ್ ಆಗ್ಬಿಟ್ಟೆ ಅಂದ್ರು, ಆ ಅಜ್ಜಿ ಮತ್ತೆ ಪಾರ್ಕಿಗೇ ಹೋಗ್ಲಿಲ್ಲ. ಕ್ಯೂಟು ಅಂತ ಕರೆಸ್ಕೊಳ್ಳೋಕೆ ಯಾರೂ ಎಪ್ಪತ್ತು ವರ್ಷ ಬದುಕಿರಲ್ಲ. ಇದೇ ಕಾರಣಕ್ಕೆ ಬೆಳಿಗ್ಗೆ ಪಾರ್ಕಲ್ಲಿ ಕೈ ಎತ್ತಿ ಹಹಹ ಅನ್ಸೋ ಲಾಫಿಂಗ್ ಕ್ಲಬ್ಬು, ಹಿರಿಯರನ್ನ ಸಾಲಾಗಿ ಕೂರಿಸಿ ಬಲೂನ್ ಪಾಸ್ ಮಾಡ್ಸೋ ಕಾರ್ಯಕ್ರಮ ನನಗಷ್ಟು ಹಿಡಿಸಲ್ಲ. ಇಷ್ಟ ಇದ್ದೋರು ಹೋಗ್ಲಿ, ಉಸಿರಿಗೆ ಒಳ್ಳೇದು. ಆದ್ರೆ ಆಟ ಅನ್ನೋದು ಯಾರೋ ಸೀಟಿ ಊದಿದಾಗ ಆಡೋದಲ್ಲ, ನಿಮ್ಮಪ್ಪನ ಥರ ತಾನೇ ಹೋಗಿ ಅಂಗಡೀಲಿ ಬುಗುರಿ ಕೇಳಿ, ಮೊಳೆ ನೆಟ್ಟಗಿದೆಯಾ ಅಂತ ಒಂದು ಕಣ್ಣು ಮುಚ್ಕೊಂಡು ನೋಡಿ ತರೋದು.

ಅಕ್ಕಪಕ್ಕದವರಿಗೆ ನೀವೇನೂ ಉತ್ತರ ಕೊಡಬೇಕಾಗಿಲ್ಲ, ಅವರ ಮಕ್ಕಳು ಫೋನ್ ಬಿಟ್ಟು ಬೀದೀಲಿ ಆಡ್ತಿರೋದು ಯಾರಿಂದ ಅಂತ ಅವರಿಗೂ ಗೊತ್ತಿದೆ.

ಕೊನೇದಾಗಿ ಬುಗುರಿ. ಅಟ್ಟದ ಮೇಲಿದೆ ಅಂದ್ರಲ್ಲ, ಅದನ್ನ ಇವತ್ತೇ ಇಳಿಸಿ ಚಾಟಿ ಸಮೇತ ಅವರ ಕೈಗೆ ಕೊಟ್ಬಿಡಿ, ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ಆಗದಿದ್ರೆ ಆಡೋದು ಮಾತ್ರ ಆ ಅಭ್ಯಾಸ ಮುಗಿದ್ಮೇಲೆ. ವಯಸ್ಸಾದೋರು ಬುಗುರಿ ಆಡಿ ಸೊಂಟ ಮುರ್ಕೊಂಡಿದ್ದನ್ನ ನಾನು ಇನ್ನೂ ನೋಡಿಲ್ಲ, ಸ್ಟೂಲ್ ಹಾಕ್ಕೊಂಡು ಅಟ್ಟ ಹತ್ತಕ್ಕೆ ಹೋಗಿ ಬಿದ್ದು ಮುರ್ಕೊಂಡೋರು ಮಾತ್ರ ತಿಂಗಳಿಗೆ ಒಬ್ರಾದ್ರೂ ಬರ್ತಾರೆ, ಮತ್ತೆ ನೀವು ಎಲ್ಲಿ ಬಚ್ಚಿಟ್ಟಿದೀರ ಅಂತ ಗಣಿತದ ಮೇಷ್ಟ್ರಿಗೆ ಇಷ್ಟೊತ್ತಿಗೆ ಗೊತ್ತಾಗಿರುತ್ತೆ.